ಒಂದೇ ಮನೆಯ ಎರಡು ರಕ್ತಚೀಟಿ



ಈ ಪಕ್ಷದ ಅಂಚೆಯಲ್ಲಿ ಶಲವಡಿಯಿಂದ ಒಂದು ಪತ್ರ ಬಂದಿದೆ. ಬರೆದವರು ಸೊಸೆ, ಬರೆದದ್ದು ಅತ್ತೆಯ ಸಲುವಾಗಿ. ಸೊಸೆಯೊಬ್ಬಳು ಅತ್ತೆಯ ಮೇಲಿನ ಕಾಳಜಿಗೆ ನಾಲ್ಕು ಪುಟ ತುಂಬಿಸಿದ್ದನ್ನು ಕಂಡು ಮೊದಲು ಮನಸ್ಸಿಗೆ ಹಿತವಾಯಿತು. ಓದಿ ಮುಗಿಸಿದ ಮೇಲೆ ಚಿಂತೆಯೂ ಆಯಿತು. ಹೆಸರು ಹಾಕಬೇಡಿರಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

"ಅಕ್ಕಾರ, ನಮ್ಮ ಅತ್ತಿಯವರಿಗೆ ಐವತ್ತಾರು, ಮಾವನವರಿಗೆ ಅರವತ್ತೊಂದು. ಕಡ್ಲಿ ಸುಗ್ಗಿ ಮುಗದ ಮ್ಯಾಲೆ ಅತ್ತಿಯವರ ಮೊಣಕಾಲು, ಹಿಮ್ಮಡ ನೋವು ಜೋರಾತು. ಹುಬ್ಬಳ್ಳಿಗೆ ಕರಕೊಂಡು ಹೋಗಿ ಇಬ್ಬರದೂ ರಕ್ತ ತಪಾಸಣಿ ಮಾಡಿಸಿದಿವಿ. ಯೂರಿಕ್ ಆಸಿಡ್ ಮಾವನವರದು 6.8, ಅತ್ತಿಯವರದು 6.5. ಕಡಿಮಿ ಇದ್ದದ್ದು ಅತ್ತಿಯವರದು. ಆದರ 'ಹೆಚ್ಚು' ಅಂತ ಗುರುತು ಹಾಕಿದ್ದೂ ಅತ್ತಿಯವರದಕ್ಕ! ಮಾವನವರ ಚೀಟಿಯೊಳಗ ಏನೂ ಗುರುತಿಲ್ಲ. ಇದು ಹ್ಯಾಂಗ್ರಿ? ಓಣಿಯವರು ಬ್ಯಾಳಿ ಬಂದ್ ಮಾಡ್ರಿ, ಹುಳಿ ಬಂದ್ ಮಾಡ್ರಿ ಅಂದ್ರು. ಮೂರು ತಿಂಗಳಾತು, ಅತ್ತಿಯವರು ರೊಟ್ಟಿ ರಂಜಕ ಬಿಟ್ಟರ ಏನೂ ಮುಟ್ಟವಲ್ರು. ನೋವು ಕಡಿಮಿ ಆಗಿಲ್ಲ, ಮ್ಯಾಲೆ ನಿಶ್ಯಕ್ತಿ ಬ್ಯಾರೆ. ನೋವಿಗೆ ಮೆಡಿಕಲ್ ಅಂಗಡಿಯ ಗುಳಿಗಿ ದಿನಾ ಎರಡು ನುಂಗತಾರ. ಯೂರಿಕ್ ಆಸಿಡ್ ಹೆಚ್ಚಾದರ ರಕ್ತನಾಳ ಬಿರುಸಾಗತಾವು, ಹಾರ್ಟಿಗೆ ಹೊಡತ ಅಂತ ಮಗ ಮೊಬೈಲಿನ್ಯಾಗ ಓದ್ಯಾನ. ಖರೇ ಏನ್ರಿ?"

ಇದಾದ ಮೇಲೆ ಮಕ್ಕಳ ಶಾಲೆಯ ಮಾತು, ಮಳೆಯ ಮಾತು. ಕೊನೆಗೆ, ಸಹಿಗಿಂತ ಮುಂಚೆ, ಜಾಗ ಉಳಿಯಿತೆಂದು ಬರೆದಂತೆ ಎರಡು ಸಾಲು: "ಬಿ.ಪಿ. ಮ್ಯಾಲಿಂದು 164, ಕೆಳಗಿಂದು 78 ಬಂತು. ಕೆಳಗಿಂದು ಚೊಲೊ ಐತಿ ಅಂತ ಅದರ ಚಿಂತಿ ಬಿಟ್ಟೀವಿ. ಅತ್ತಿಯವರಿಗೆ ಮೂವತ್ತೇಳನೇ ವರ್ಷಕ್ಕ ಗರ್ಭಚೀಲ ತಗದಾರ."

ಸೋದರಿ, ನೀವು ಚಿಂತೆ ಹಚ್ಚಿಕೊಂಡದ್ದು ಮೊದಲ ಮೂರೂವರೆ ಪುಟಕ್ಕೆ. ನನಗೆ ಚಿಂತೆ ಹಚ್ಚಿದ್ದು ಈ ಎರಡು ಸಾಲು. ಯಾಕೆಂದು ಹೇಳುತ್ತೇನೆ. ನಿಮ್ಮ ಪ್ರಶ್ನೆ ನಿಮ್ಮ ಮನೆಯದಷ್ಟೇ ಆಗಿ ಉಳಿದಿಲ್ಲ, ಇಂಥ ಚೀಟಿ ಈಗ ಊರೂರಿಗೆ ಬರುತ್ತಿವೆ. ಆದ್ದರಿಂದ ಸ್ವಲ್ಪ ಬುಡದಿಂದಲೇ ನೋಡೋಣ.

ಯೂರಿಕ್ ಆಮ್ಲ ಎಂದರೆ ನಮ್ಮ ಮೈಯ ಒಂದು ಕಸ. ಸ್ವೀಡನ್ನಿನ ಶೀಲೆ ಎಂಬ ರಸಾಯನಶಾಸ್ತ್ರಜ್ಞ 1776ರಲ್ಲಿ ಮೂತ್ರಕೋಶದ ಕಲ್ಲಿನಲ್ಲಿ ಅದನ್ನು ಮೊದಲು ಗುರುತಿಸಿದ. ಜೀವಕೋಶಗಳು ಹುಟ್ಟಿ ಸಾಯುತ್ತಲೇ ಇರುತ್ತವೆ. ಅವುಗಳ ಒಳಗಿನ ಪ್ಯೂರಿನ್ ಎಂಬ ಪದಾರ್ಥ ಒಡೆದು ಒಡೆದು ಕೊನೆಗೆ ಉಳಿಯುವುದು ಯೂರಿಕ್ ಆಮ್ಲ. ಊಟದಿಂದಲೂ ಒಂದು ಪಾಲು ಬರುತ್ತದೆ, ಆದರೆ ದೊಡ್ಡ ಪಾಲು ಮೈಯೊಳಗೇ ಹುಟ್ಟುವಂಥದು. ಕಟ್ಟೆಯ ಮೇಲೆ ಪಾರಿವಾಳ ಹಾಕಿದ ಹಿಕ್ಕೆಯಲ್ಲಿ ಬೆಳ್ಳಗೆ ಕಾಣುತ್ತದಲ್ಲ, ಅದು ಹೆಚ್ಚಾಗಿ ಯೂರಿಕ್ ಆಮ್ಲವೇ. ಬಹುತೇಕ ಪ್ರಾಣಿಗಳ ಮೈಯಲ್ಲಿ ಇದನ್ನು ಇನ್ನೂ ಒಡೆದು ನೀರಿನಲ್ಲಿ ಸುಲಭವಾಗಿ ಕರಗುವಂತೆ ಮಾಡುವ ಒಂದು ಕಿಣ್ವ ಇದೆ. ಮನುಷ್ಯನೂ ದೊಡ್ಡ ವಾನರಗಳೂ ಕೋಟ್ಯಂತರ ವರ್ಷಗಳ ಹಿಂದೆ ಅದನ್ನು ಕಳಕೊಂಡವು. ಹೀಗಾಗಿ ನಮ್ಮ ರಕ್ತದಲ್ಲಿ ಅದು ಯಾವಾಗಲೂ ಇಷ್ಟಿಷ್ಟು ಇದ್ದೇ ಇರುತ್ತದೆ. ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡಗಳು ಹೊರಗೆ ಹಾಕುತ್ತವೆ, ಉಳಿದದ್ದನ್ನು ಕರುಳು ನೋಡಿಕೊಳ್ಳುತ್ತದೆ.

ಗಂಡು ಹೆಣ್ಣಿನ ಭೇದ ಬರುವುದು ಈ ಹೊರಗೆ ಹಾಕುವ ಕೆಲಸದಲ್ಲಿ. ಸಣ್ಣ ಹುಡುಗ ಹುಡುಗಿಯರ ರಕ್ತ ತೆಗೆದು ನೋಡಿದರೆ ಅಂಕಿ ಹೆಚ್ಚುಕಡಿಮೆ ಒಂದೇ. ಹುಡುಗನಿಗೆ ಮೀಸೆ ಮೂಡುವ ಹೊತ್ತಿಗೆ ಅವನದು ಏರುತ್ತದೆ. ಹುಡುಗಿಯದು ಅಷ್ಟು ಏರುವುದಿಲ್ಲ. ಅವಳ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಸ್ತ್ರೀರಸ ಮೂತ್ರಪಿಂಡಕ್ಕೆ, "ಇದನ್ನು ಇಟ್ಟುಕೊಳ್ಳಬೇಡ, ಹೊರಗೆ ಹಾಕು" ಎಂದು ಹೇಳುತ್ತಿರುತ್ತದೆ. ಹೀಗಾಗಿ ಮುಟ್ಟು ನಡೆಯುತ್ತಿರುವ ಹೆಂಗಸಿನ ಯೂರಿಕ್ ಆಮ್ಲ ಅದೇ ವಯಸ್ಸಿನ ಗಂಡಸಿಗಿಂತ ಸುಮಾರು ಒಂದು ಅಂಕಿ ಕಡಿಮೆ ಇರುತ್ತದೆ. ಗ್ರೀಕರ ಹಿಪೊಕ್ರಾಟಿಸ್ ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದೆಯೇ, ಮುಟ್ಟು ನಿಲ್ಲುವ ತನಕ ಹೆಂಗಸಿಗೆ ಗೌಟ್ ಬರುವುದಿಲ್ಲ ಎಂಬುದನ್ನು ಗಮನಿಸಿ ಬರೆದಿಟ್ಟಿದ್ದ. ಗೌಟ್ ಎಂದರೆ ಈ ಆಮ್ಲ ಹರಳುಗಟ್ಟಿ ಕೀಲಿನಲ್ಲಿ ಕೂಡುವ ಬೇನೆ, ನಮ್ಮ ಆಯುರ್ವೇದದವರು ವಾತರಕ್ತ ಎಂದು ವರ್ಣಿಸುವುದು ಇದನ್ನೇ ಹೋಲುತ್ತದೆ. ಸ್ತ್ರೀರಸದ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಬರೀ ಕಣ್ಣಿನಿಂದ ನೋಡಿ ಹೇಳಿದ ಮಾತು, ಇಂದಿಗೂ ಸುಳ್ಳಾಗಿಲ್ಲ.

ಈಗ ಚೀಟಿಯ ಗುಟ್ಟು ತಿಳಿಯಿತಲ್ಲ? ಪ್ರಯೋಗಾಲಯದವರು ಗಂಡಸರಿಗೆ 7ರ ಆಸುಪಾಸು, ಹೆಂಗಸರಿಗೆ 6ರ ಆಸುಪಾಸು ಗೆರೆ ಎಳೆದಿರುತ್ತಾರೆ. ಯಂತ್ರ ಆ ಗೆರೆ ನೋಡಿ ಗುರುತು ಹಾಕುತ್ತದೆ. ಮಾವನವರ 6.8 ಗೆರೆಯ ಈಚೆ, ಅತ್ತೆಯವರ 6.5 ಗೆರೆಯ ಆಚೆ. ಆದರೆ ಒಂದು ಮಾತು ಯಂತ್ರಕ್ಕೆ ತಿಳಿಯದು. ಇಪ್ಪತ್ತೈದರ ಸೊಸೆಗೂ ಐವತ್ತಾರರ ಅತ್ತೆಗೂ ಅದು ಒಂದೇ ಗೆರೆ ಇಟ್ಟಿದೆ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಹೆಂಗಸರ ಅಂಕಿ ಏರಿ ಗಂಡಸರ ಹತ್ತಿರ ಹತ್ತಿರ ಬರುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲ ಹರಳುಗಟ್ಟತೊಡಗುವುದು ಹೆಚ್ಚುಕಡಿಮೆ 6.8ರ ಮೇಲೆ, ಅದಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಹರಳಿನ ಲೆಕ್ಕಕ್ಕೆ ನೋಡಿದರೆ ಅತ್ತೆಯವರು ಮಾವನವರಿಗಿಂತ ಈಚೆಗೇ ಇದ್ದಾರೆ. ಬರೀ ಆ ಗುರುತು ಕಂಡು ಮೂರು ತಿಂಗಳು ಬೇಳೆ ಬಿಡುವಂಥದೇನೂ ಆಗಿರಲಿಲ್ಲ.

ಹಾಗಾದರೆ ರಕ್ತನಾಳದ ಮಾತು? ನಿಮ್ಮ ಯಜಮಾನರು ಓದಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೇನೂ ಅಲ್ಲ.

ಹೃದಯದಿಂದ ಹೊರಡುವ ಮಹಾಧಮನಿ ಬರೀ ಕೊಳವೆಯಲ್ಲ. ಹೃದಯ ಪ್ರತಿ ಬಡಿತಕ್ಕೆ ಸುಮಾರು ಎಪ್ಪತ್ತು ಮಿಲಿಲೀಟರ್ ರಕ್ತವನ್ನು ಅದರೊಳಕ್ಕೆ ನೂಕುತ್ತದೆ. ಧಮನಿ ಹಿಗ್ಗಿ ಆ ಹೊಡೆತವನ್ನು ತಾಳಿಕೊಳ್ಳುತ್ತದೆ, ಮತ್ತೆ ಕುಗ್ಗಿ ರಕ್ತವನ್ನು ಮುಂದಕ್ಕೆ ದಬ್ಬುತ್ತದೆ. ಕಮ್ಮಾರನ ತಿದಿಯನ್ನು ನೆನಪಿಸಿಕೊಳ್ಳಿರಿ. ತೊಗಲು ಮೆತ್ತಗಿರುವ ತನಕ ಗಾಳಿ ಸಮನಾಗಿ ಹೊರಡುತ್ತದೆ. ತೊಗಲು ಒಣಗಿ ಬಿರುಸಾದರೆ ಒತ್ತುವವನ ರಟ್ಟೆ ಬೀಳುತ್ತದೆ, ಗಾಳಿ ಮಾತ್ರ ಝಟ್ಟನೆ ಹೊಡೆದು ನಿಲ್ಲುತ್ತದೆ. ದಿನಕ್ಕೆ ಒಂದು ಲಕ್ಷದಷ್ಟು ಸಲ ಹಿಗ್ಗಿ ಕುಗ್ಗಿದ ಧಮನಿಯ ಎಳೆಗಳೂ ವಯಸ್ಸಾದಂತೆ ಸವೆಯುತ್ತವೆ, ಸವೆದಲ್ಲಿ ಬಿರುಸು ನಾರು ತುಂಬುತ್ತದೆ, ಸುಣ್ಣವೂ ಕೂಡುತ್ತದೆ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಈ ಕೆಲಸವನ್ನು ಬೇಗ ಮಾಡುತ್ತವೆ.

ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಅಳೆಯುವ ಯಂತ್ರವಿದೆ. ಕುತ್ತಿಗೆಯಿಂದ ತೊಡೆಯ ಸಂದಿಗೆ ನಾಡಿಯ ಅಲೆ ಎಷ್ಟು ಬೇಗ ಓಡುತ್ತದೆಂದು ಅದು ನೋಡುತ್ತದೆ. ಬಿರುಸು ಧಮನಿಯಲ್ಲಿ ಅಲೆ ಬೇಗ ಓಡುತ್ತದೆ. ಸೆಕೆಂಡಿಗೆ ಹತ್ತು ಮೀಟರು ದಾಟಿದರೆ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಆ ಯಂತ್ರ ಹುಡುಕಿಕೊಂಡು ನೀವು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬಿ.ಪಿ. ಚೀಟಿಯಲ್ಲೇ ಅದರ ನೆರಳು ಬಿದ್ದಿರುತ್ತದೆ. ಮೇಲಿನ ಅಂಕಿಯಲ್ಲಿ ಕೆಳಗಿನದನ್ನು ಕಳೆಯಿರಿ. ಸಾಮಾನ್ಯವಾಗಿ ನಲವತ್ತರ ಸುಮಾರು ಉಳಿಯಬೇಕು. ವಯಸ್ಸಾದವರಲ್ಲಿ ಅರವತ್ತಕ್ಕಿಂತ ಹೆಚ್ಚು ಉಳಿದರೆ ಬಹುಮಟ್ಟಿಗೆ ಧಮನಿ ಬಿರುಸಾಗಿದೆ ಎಂದು ಅರ್ಥ. ಅತ್ತೆಯವರದು 164ರಲ್ಲಿ 78 ಹೋದರೆ 86.

"ಕೆಳಗಿಂದು ಚೊಲೊ ಐತಿ" ಎಂಬ ಸಮಾಧಾನವನ್ನು ನಾನು ನೂರಾರು ಮನೆಗಳಲ್ಲಿ ಕೇಳಿದ್ದೇನೆ. ಬಿರುಸಾದ ಧಮನಿ ಮೇಲಿನ ಅಂಕಿಯನ್ನು ಏರಿಸುತ್ತದೆ, ಕೆಳಗಿನದನ್ನು ಇಳಿಸುತ್ತದೆ. ಕೆಳಗಿನದು ಚಂದ ಕಾಣುವುದು ಇಲ್ಲಿ ಒಳ್ಳೆಯ ಸುದ್ದಿಯಲ್ಲ. ಐವತ್ತು ದಾಟಿದ ಮೇಲೆ ಪಾರ್ಶ್ವವಾಯು, ಹೃದಯದ ತೊಂದರೆಗಳನ್ನು ಮುಂಚೆ ತಿಳಿಸುವುದು ಹೆಚ್ಚಾಗಿ ಮೇಲಿನ ಅಂಕಿಯೇ. ಹೆಂಗಸರ ಧಮನಿಗಳಂತೂ ಮುಟ್ಟು ನಿಂತ ಮೇಲೆ ಬಿರುಸಾಗುವ ವೇಗ ಹೆಚ್ಚಿಸಿಕೊಳ್ಳುತ್ತವೆ. ಅಲ್ಲಿಯ ತನಕ ಕಾದದ್ದು ಅದೇ ಸ್ತ್ರೀರಸ. ಅದು ಹೋದಾಗ ಯೂರಿಕ್ ಆಮ್ಲ ಏರುವುದೂ ಧಮನಿ ಬಿರುಸಾಗುವುದೂ ಒಂದೇ ಕಾಲಕ್ಕೆ ನಡೆಯುತ್ತವೆ. ಜೋಡಿಯಾಗಿ ಬಂದವರೆಲ್ಲ ಗಂಡಹೆಂಡಿರೆಂದು ತಿಳಿದಂತೆ, ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾವು ತಿಳಿದುಬಿಡುತ್ತೇವೆ.

ಜೀವಕೋಶದ ಒಳಗೆ ಯೂರಿಕ್ ಆಮ್ಲ ಹೆಚ್ಚಾದರೆ ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅದೇ ಆಮ್ಲ ರಕ್ತದಲ್ಲಿರುವಾಗ ಕೆಲವು ಹಾನಿಕರ ಪದಾರ್ಥಗಳನ್ನು ತಡೆಯುತ್ತದೆ ಕೂಡ. ಇನ್ನು ಜನರನ್ನು ನೋಡಿದ ಅಧ್ಯಯನಗಳು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ತಲೆಮಾರುಗಳನ್ನೇ ಗಮನಿಸುತ್ತ ಬಂದಿದ್ದಾರೆ. ಯೂರಿಕ್ ಆಮ್ಲ ತಾನೇ ಹೃದ್ರೋಗ ತರುವುದಿಲ್ಲ, ಜೊತೆಗಿರುವ ಬಿ.ಪಿ. ಮೊದಲಾದವುಗಳ ನೆರಳು ಅದು ಎಂದು ಅಲ್ಲಿಯವರು 1999ರಲ್ಲಿ ಬರೆದರು. ಮರು ವರ್ಷ, 2000ದಲ್ಲಿ, ಅದೇ ದೇಶದ ಇನ್ನೊಂದು ದೊಡ್ಡ ಅಧ್ಯಯನ ನಂಟು ಇದೆ ಎಂದಿತು, ಅದೂ ಹೆಂಗಸರಲ್ಲಿ ಹೆಚ್ಚು ಬಿಗಿಯಾಗಿ. ಧಮನಿಯ ಬಿರುಸನ್ನು ಅಳೆದ ಅಧ್ಯಯನಗಳದೂ ಇದೇ ಕಥೆ. ಜಪಾನಿನಲ್ಲಿ, ಫ್ರೇಮಿಂಗ್‌ಹ್ಯಾಮಿನಲ್ಲಿ ನಂಟು ಕಂಡಿದೆ. ಆದರೆ ಗಂಡಸರಲ್ಲಿ ಹೆಚ್ಚೋ ಹೆಂಗಸರಲ್ಲಿ ಹೆಚ್ಚೋ ಎಂಬುದಕ್ಕೆ ಒಂದು ಕಡೆಯ ಉತ್ತರ ಇನ್ನೊಂದು ಕಡೆಗೆ ಹೊಂದುವುದಿಲ್ಲ.

ನಂಟು ಇದ್ದರೆ ಇರಲಿ, ಅಂಕಿ ಇಳಿಸಿದರೆ ಹೃದಯಕ್ಕೆ ಲಾಭ ಉಂಟೇ? ನಮಗೆ ಬೇಕಾದದ್ದು ಅದೇ ಪ್ರಶ್ನೆ. ಇಂಗ್ಲೆಂಡ್ ಸ್ಕಾಟ್ಲೆಂಡ್ ಕಡೆಯ ವೈದ್ಯರು ಅದನ್ನು ನೇರವಾಗಿ ಕೇಳಿ ನೋಡಿದರು. ಅರವತ್ತು ದಾಟಿದ, ಹೃದ್ರೋಗವಿದ್ದ, ಆದರೆ ಗೌಟ್ ಇಲ್ಲದ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. 2022ರಲ್ಲಿ ಲೆಕ್ಕ ಪ್ರಕಟವಾಯಿತು. ಗುಳಿಗೆ ನುಂಗಿದವರಿಗೂ ನುಂಗದವರಿಗೂ ಹೃದಯಾಘಾತ, ಪಾರ್ಶ್ವವಾಯು, ಸಾವು ಇವುಗಳಲ್ಲಿ ಎದ್ದು ಕಾಣುವ ಅಂತರವಿರಲಿಲ್ಲ. ಆದ್ದರಿಂದ, ಗೌಟ್ ಬಂದು ಹೋದವರು, ಯೂರಿಕ್ ಆಮ್ಲದ ಕಲ್ಲು ಆದವರು ವೈದ್ಯರು ಹೇಳಿದಂತೆ ಆ ಗುಳಿಗೆ ತಪ್ಪದೇ ತೆಗೆದುಕೊಳ್ಳಬೇಕು. ಬರೀ ಚೀಟಿಯ ಗುರುತಿಗೆ ಹೆದರಿ ಅಂಗಡಿಯಿಂದ ತಂದು ನುಂಗುವುದು ಬೇಡವೇ ಬೇಡ. ಅಪರೂಪಕ್ಕೆ ಕೆಲವರಲ್ಲಿ ಅದು ಮೈಯ ಚರ್ಮವೇ ಸುಲಿದು ಬರುವಂಥ ಭಯಂಕರ ಒಗ್ಗದಿಕೆ ತರುತ್ತದೆ.

ಇನ್ನು ಪತ್ರದ ಕೊನೆಯ ಸಾಲು. ಮೂವತ್ತೇಳಕ್ಕೆ ಗರ್ಭಚೀಲ ತೆಗೆದದ್ದು.

ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಬಿಗಿಯಾಗುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಬಿಳಿ ಮುಟ್ಟು, ನಡುನೋವು ಎಂದು ಹೋದ ಮೂವತ್ತು ಮೂವತ್ತೈದರ ಹೆಂಗಸರಿಗೆ "ಮಕ್ಕಳಾಗ್ಯಾವಲ್ಲ, ಇನ್ಯಾಕ ಬೇಕು" ಎಂದು ಚೀಲ ತೆಗೆದುಹಾಕಿದ ಸಂಗತಿಗಳು ಒಂದೆರಡಲ್ಲ. 2015ರಲ್ಲಿ ಕಲಬುರ್ಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಹೆಂಗಸರದು ಬಯಲಿಗೆ ಬಂದು ವಿಚಾರಣೆಯಾಯಿತು. ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನ ಕಡೆಯಿಂದಲೂ ಇಂಥವೇ ದೂರುಗಳು ಬಂದವು. ದೇಶದ ಬೇರೆ ರಾಜ್ಯಗಳಲ್ಲೂ ಇದೇ ಕಥೆ. ಕೊನೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರಕಾರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಅತ್ತೆಯವರಿಗೆ ಅದು ಅಗತ್ಯವಿತ್ತೋ ಇರಲಿಲ್ಲವೋ ನಾನು ಇಲ್ಲಿ ಕೂತು ಹೇಳಲಾರೆ. ಅತಿಯಾದ ರಕ್ತಸ್ರಾವ, ದೊಡ್ಡ ಗಡ್ಡೆ, ಕ್ಯಾನ್ಸರ್ ಇದ್ದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ.

ಕೇಳಬೇಕಾದ ಪ್ರಶ್ನೆ ಒಂದಿದೆ. ಚೀಲದ ಜೊತೆ ಎರಡೂ ಅಂಡಾಶಯಗಳನ್ನೂ ತೆಗೆದರೋ ಹೇಗೆ? ಅಂಡಾಶಯ ಉಳಿದಿದ್ದರೆ ಮುಟ್ಟು ಕಾಣದಿದ್ದರೂ ಸ್ತ್ರೀರಸ ಹುಟ್ಟುತ್ತಲೇ ಇರುತ್ತದೆ, ಕೆಲವರಲ್ಲಿ ಒಂದೆರಡು ವರ್ಷ ಮುಂಚೆ ನಿಂತೀತು ಅಷ್ಟೆ. ಎರಡನ್ನೂ ತೆಗೆದಿದ್ದರೆ ಆ ರಸ ಅಂದೇ ನಿಂತಿತು. ಸುಮಾರು ಐವತ್ತರ ತನಕ ಇರಬೇಕಾದ ಕಾವಲು ಮೂವತ್ತೇಳಕ್ಕೇ ಹೋಯಿತು. ಅಂಥವರಲ್ಲಿ ಹೃದಯ ರಕ್ತನಾಳಗಳ ಕಾಯಿಲೆ, ಎಲುಬಿನ ಸವಕಳಿ ಎರಡೂ ಹೆಚ್ಚು. ಟ್ರಂಕಿನ ತಳದಲ್ಲಿ ಎಲ್ಲೋ ಆಸ್ಪತ್ರೆಯಿಂದ ಬಿಟ್ಟಾಗ ಕೊಟ್ಟ ಕಾಗದ ಇದ್ದೀತು, ಹುಡುಕಿರಿ. ಇಲ್ಲದಿದ್ದರೆ ಸ್ಕ್ಯಾನ್ ಮಾಡಿಸುವಾಗ ಕೇಳಿರಿ. "ನಿಮ್ಮ ಅಂಡಾಶಯ ಉಳದಾವೇನು?" ಎಂದು ಕೇಳಿದರೆ ನಮ್ಮ ಹತ್ತು ಹೆಂಗಸರಲ್ಲಿ ಎಂಟು ಮಂದಿ ಬಾಯಿ ಬಾಯಿ ನೋಡುತ್ತಾರೆ. ತಮ್ಮ ಮೈಯಿಂದ ಏನು ಹೋಯಿತೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇದನ್ನು ಓದುತ್ತಿರುವ ಕಿರಿಯ ಸೋದರಿಯರು ಯಾರಾದರೂ ಈಗ ಆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡಿದ್ದರೆ, ಒಂದು ವಾರ ಮುಂದೂಡಿ ಇನ್ನೊಬ್ಬ ವೈದ್ಯರನ್ನು ಕೇಳಿರಿ. ಅಂಡಾಶಯ ಉಳಿಸುತ್ತೀರೋ ತೆಗೆಯುತ್ತೀರೋ ಎಂದು ಬಾಯಿ ಬಿಟ್ಟು ವಿಚಾರಿಸಿರಿ.

ಈಗ ಅಡುಗೆಮನೆಗೆ ಬರೋಣ.

ಬೇಳೆ ಬಿಡಿಸಿದ ಓಣಿಯವರ ಮೇಲೆ ನನಗೆ ಸಿಟ್ಟಿಲ್ಲ. ಯಾಕೆಂದರೆ ವೃತ್ತಿಗೆ ಬಂದ ಹೊಸದರಲ್ಲಿ ನಾನೂ ಚೀಟಿಯಲ್ಲಿ "ಬೇಳೆಕಾಳು ವರ್ಜ್ಯ" ಎಂದು ಬರೆದು ಕೊಟ್ಟವಳೇ. ಬೇಳೆಯಲ್ಲಿ ಪ್ಯೂರಿನ್ ಇದೆ, ಪ್ಯೂರಿನ್‌ನಿಂದ ಯೂರಿಕ್ ಆಮ್ಲ, ಆದ್ದರಿಂದ ಬೇಳೆ ಬೇಡ ಎಂಬ ಸರಳ ತರ್ಕ ಅದು. 2004ರಲ್ಲಿ ಅಮೆರಿಕದ 47 ಸಾವಿರ ಗಂಡಸರನ್ನು ಹನ್ನೆರಡು ವರ್ಷ ಗಮನಿಸಿದ ಲೆಕ್ಕ ಬಂದಾಗ ಆ ತರ್ಕ ಕುಸಿಯಿತು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಇರುವ ಕಾಳು ತರಕಾರಿ ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲು ಮೊಸರು ತಿನ್ನುವವರಲ್ಲಿ ಕಡಿಮೆಯೇ ಇತ್ತು. ಕಲೀಜಾ, ಕೈಮಾ, ಒಣ ಮೀನು ಇವುಗಳಿಗೆ ಮಿತಿ ಇರಲಿ. ಹೆಸರು, ಕಡಲೆ, ತೊಗರಿಗೆ ಈ ಅಪವಾದ ಬೇಡ. ಕಣ್ಣೆದುರಿಗೆ ಎರೆ ಹೊಲದಲ್ಲಿ ಹೆಸರು ಬೆಳೆದು, ಹಿಂಗಾರಿಗೆ ಕಡಲೆ ಬೆಳೆದು, ಚೀಲ ಕಟ್ಟಿ ಅಣ್ಣಿಗೇರಿ ಪೇಟೆಗೆ ಕಳಿಸುವ ಮನೆಯಲ್ಲಿ ಬೆಳೆದವಳೇ ಬೇಳೆ ಇಲ್ಲದೆ ರೊಟ್ಟಿ ತಿನ್ನುವುದೆಂದರೆ! ಮಾಂಸ ಮೊಟ್ಟೆ ಇಲ್ಲದ ಮನೆಯಾದರೆ ಅವರಿಗೆ ಸಸಾರಜನಕ ಬರುವುದಾದರೂ ಎಲ್ಲಿಂದ? ಅತ್ತೆಯವರ ನಿಶ್ಯಕ್ತಿಗೆ ಇದೂ ಒಂದು ಕಾರಣವಿರಬಹುದು. ರಕ್ತಹೀನತೆ ಇದೆಯೋ ಎಂಬುದನ್ನೂ ನೋಡಿಸಿರಿ.

ಹುಳಿ ಬಿಡಿಸಿದ್ದಂತೂ ಬರೀ ಹೆಸರಿನ ಗೊಂದಲ. ಆಮ್ಲ ಎಂದ ಕೂಡಲೆ ಹುಣಸೆ, ನಿಂಬೆ, ಟೊಮೆಟೊ ನೆನಪಾಗುತ್ತವೆ. ಇಬ್ಬನಿ ಬಿದ್ದ ಕಡಲೆ ಗಿಡದ ಮೇಲೆ ನಸುಕಿನಲ್ಲಿ ಬಟ್ಟೆ ಎಳೆದು ಹಿಂಡಿದ ಕಡ್ಲಿ ಹುಳಿಯೂ ಆಮ್ಲವೇ, ಆದರೆ ಅದರ ಜಾತಿ ಬೇರೆ. ಬಾಯಿಗೆ ಹುಳಿ ಹತ್ತುತ್ತದೆ ಎಂದ ಮಾತ್ರಕ್ಕೆ ಅದು ಯೂರಿಕ್ ಆಮ್ಲ ಏರಿಸುವುದಿಲ್ಲ.

ನಿಜವಾಗಿ ಯೂರಿಕ್ ಆಮ್ಲ ಏರಿಸುವುದು ಸಿಹಿ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದು ಯಕೃತ್ತಿನಲ್ಲಿ ಒಡೆಯುವಾಗ ಯೂರಿಕ್ ಆಮ್ಲ ಹುಟ್ಟಿಸುತ್ತದೆ. ಅಮೆರಿಕದ 78 ಸಾವಿರ ದಾದಿಯರನ್ನು 22 ವರ್ಷ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸಿಹಿ ಪಾನೀಯ ದಿನವೂ ಕುಡಿಯುವ ಹೆಂಗಸರಲ್ಲಿ ಗೌಟ್ ಹೆಚ್ಚಿತ್ತು. ಈಗ ಹಳ್ಳಿಯ ಗೂಡಂಗಡಿಯಲ್ಲೂ ಬಣ್ಣದ ಬಾಟಲಿ ತೂಗುತ್ತವೆ. ಬಿಸಿಲಿನಿಂದ ಬಂದವರಿಗೆ ಅದನ್ನು ಕೊಡುವುದು ಉಪಚಾರ ಎಂದಾಗಿಬಿಟ್ಟಿದೆ. ದಿನಕ್ಕೆ ಐದಾರು ಸಲ ಸಕ್ಕರೆ ಸುರಿದ ಚಹಾದ ಲೆಕ್ಕವೂ ಇಲ್ಲಿಯೇ ಬರುತ್ತದೆ. ಬೆಲ್ಲಕ್ಕೆ ರಿಯಾಯಿತಿ ಕೇಳಬೇಡಿರಿ; ಈ ವಿಷಯದಲ್ಲಿ ಅದು ಸಕ್ಕರೆಯ ಸ್ವಂತ ತಮ್ಮ.

ಆಮೇಲೆ ರಂಜಕ. ಬೇಳೆ ಬಿಟ್ಟ ಅತ್ತೆಯವರು ಅದರ ಜಾಗಕ್ಕೆ ತಂದುಕೊಂಡದ್ದು ಏನು ನೋಡಿರಿ. ಕೆಂಪು ಮೆಣಸಿನಕಾಯಿಗೆ ಮುಷ್ಟಿಗಟ್ಟಲೆ ಉಪ್ಪು ಹಾಕಿ ಅರೆದದ್ದು! ಯೂರಿಕ್ ಆಮ್ಲಕ್ಕೆ ಹೆದರಿ ಬಿ.ಪಿ.ಗೆ ಅನ್ನ ಹಾಕಿದಂತಾಯಿತು. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ ಒಂದು ಚಹಾ ಚಮಚದಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಆ ಚಮಚದೊಳಗೇ ಹಿಡಿಯಬೇಕು. ನವಲಗುಂದ ಕಡೆಯ ಕೊಳವೆ ಬಾವಿಗಳಲ್ಲಿ ಸವಳು ನೀರೇ ಹೆಚ್ಚು, ಕೆರೆಯ ನೀರು ತಪ್ಪಿದಾಗ ಅದನ್ನೇ ಕುಡಿಯುವವರು ಉಪ್ಪಿನಲ್ಲಿ ಇನ್ನೂ ಒಂದು ಚಿಟಿಕೆ ಕಡಿಮೆ ಮಾಡಿದರೆ ಒಳ್ಳೆಯದು.

ನೀರಿನ ಮಾತು ಬಂದಾಗ ಹೇಳಿಬಿಡುತ್ತೇನೆ. ಹೊಲಕ್ಕೆ ಹೋದ ನಮ್ಮ ಹೆಂಗಸರು ಮರೆ ಇಲ್ಲ, ಬಯಲಿಗೆ ಹೋಗಲು ಆಗದು ಎಂದು ಇಡೀ ದಿನ ನೀರನ್ನೇ ಕುಡಿಯುವುದಿಲ್ಲ. ನೀರು ಕಡಿಮೆಯಾದರೆ ಯೂರಿಕ್ ಆಮ್ಲ ಹೊರಗೆ ಹೋಗುವುದೂ ಕಡಿಮೆ. ಏಕಾದಶಿ, ಶಿವರಾತ್ರಿ ಎಂದು ನಿರಾಹಾರ ಇದ್ದ ಮರುದಿನ ರಕ್ತ ಕೊಟ್ಟರೂ ಅಂಕಿ ಏರಿ ಕಾಣುತ್ತದೆ. ಅತ್ತೆಯವರ ಪರೀಕ್ಷೆ ಎಂಥ ದಿನ ಆಯಿತೋ!

ಇನ್ನು ನೋವು. ಗೌಟ್ ಬಂದರೆ ಸಾಮಾನ್ಯವಾಗಿ ಅದರ ಲಕ್ಷಣ ಎದ್ದು ಕಾಣುತ್ತದೆ. ರಾತ್ರೋರಾತ್ರಿ ಹೆಬ್ಬೆರಳಿನ ಬುಡವೋ, ಪಾದವೋ ಕೆಂಪಗೆ ಊದಿ, ಹೊದಿಕೆ ತಗುಲಿದರೂ ಜೀವ ಹೋಗುವ ಹಾಗಾಗುತ್ತದೆ. ವಯಸ್ಸಾದ ಹೆಂಗಸರಲ್ಲಿ ಕೆಲವೊಮ್ಮೆ ಬೆರಳಿನ ಗೆಣ್ಣಿಗೂ ಬರುವುದುಂಟು. ಎದ್ದು ಕೂಡುವಾಗ ಮೊಣಕಾಲು ಕಟಕಟ ಎನ್ನುವುದು, ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡ ಚುಚ್ಚುವುದು ಬಹುತೇಕ ಸವೆತದ, ಹಿಮ್ಮಡದ ನಾರಿನ ನೋವು. ಆ ನೋವಿಗೆ ದಿನಾ ಎರಡು ಗುಳಿಗೆ ನುಂಗುವುದನ್ನು ಮಾತ್ರ ಇಂದೇ ನಿಲ್ಲಿಸಿರಿ. ಅಂಗಡಿಯ ಬಹುತೇಕ ನೋವಿನ ಗುಳಿಗೆಗಳು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮೂತ್ರಪಿಂಡ ಸೋತರೆ ಯೂರಿಕ್ ಆಮ್ಲ ತಾನಾಗಿ ಏರುತ್ತದೆ. ನೋವಿಗೆ ಏನು ಕೊಡಬಹುದೆಂದು ವೈದ್ಯರನ್ನೇ ಕೇಳಿರಿ. ಬಿಸಿ ಶಾಖ, ತೊಡೆಯ ಸ್ನಾಯುವಿನ ವ್ಯಾಯಾಮ, ಮೆತ್ತನೆಯ ಚಪ್ಪಲಿ ನಾವು ತಿಳಿದುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಶಲವಡಿಯ ಸೋದರಿ, ಈಗ ನೀವು ಮಾಡಬೇಕಾದ್ದು ಇಷ್ಟು. ಈ ವಾರವೇ ಅತ್ತೆಯವರನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಮೂವತ್ತು ದಾಟಿದವರ ಬಿ.ಪಿ., ಸಕ್ಕರೆ ಅಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಹೋದ ಕೂಡಲೆ ಬಿ.ಪಿ. ನೋಡಿಸಬೇಡಿರಿ, ಬಸ್ಸಿಳಿದು ನಡೆದು ಬಂದ ದಣಿವಿನಲ್ಲಿ ಅಂಕಿ ಹೆಚ್ಚು ಬರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂಡಿಸಿ, ಮಾತಾಡಿಸದೆ, ಎರಡು ಸಲ ನೋಡಿಸಿರಿ. ಎರಡು ಮೂರು ದಿನ ನೋಡಿದಾಗಲೂ ಮೇಲಿನದು 140 ದಾಟಿದರೆ ಗುಳಿಗೆ ಬೇಕಾಗುತ್ತದೆ. ನಡುವೆ ಮಾತು ತೊದಲುವುದು, ಒಂದು ಕೈ ಸೋಲುವುದು, ಎದೆ ಹಿಡಿಯುವುದು ಕಂಡರೆ ವಾರ ಕಾಯಬೇಡಿರಿ, ಅಂದೇ ಹುಬ್ಬಳ್ಳಿಗೆ ಹೊರಡಿರಿ. ಯೂರಿಕ್ ಆಮ್ಲದ ಚೀಟಿಯನ್ನೂ ವೈದ್ಯರಿಗೆ ತೋರಿಸಿರಿ. ಬಿ.ಪಿ. ಗುಳಿಗೆಗಳಲ್ಲಿ ಮೂತ್ರ ಹೆಚ್ಚಿಸುವ ಜಾತಿಯವು ಯೂರಿಕ್ ಆಮ್ಲ ಏರಿಸುತ್ತವೆ, ಲೋಸಾರ್ಟಾನ್ ಎಂಬುದು ಸ್ವಲ್ಪ ಇಳಿಸುತ್ತದೆ. ಆರಿಸುವಾಗ ಅವರಿಗೆ ಆ ಅಂಕಿ ಉಪಯೋಗಕ್ಕೆ ಬಂದೀತು. ಜೊತೆಗೆ ಕ್ರಿಯಾಟಿನಿನ್ ಎಂಬ ಮೂತ್ರಪಿಂಡದ ಪರೀಕ್ಷೆ ಮಾಡಿಸಿರಿ. ಈ ಮೊದಲೇ ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಿರುವ ಬೇರೆ ಓದುಗರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು.

ಮಾವನವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿರಿ. ಗುರುತು ಇಲ್ಲದ ಅವರ 6.8 ಹರಳಿನ ಅಂಚಿನಲ್ಲೇ ಇದೆ. ಅವರ ಬಿ.ಪಿ. ಎಷ್ಟೆಂದು ನೀವು ಬರೆದೇ ಇಲ್ಲ. ಬಾಯಲ್ಲಿ ತಂಬಾಕು ಇದೆಯೋ ಎಂಬುದನ್ನೂ ಬರೆದಿಲ್ಲ!

ಇವತ್ತು ಸಂಜೆಗೇ ಅತ್ತೆಯವರ ತಾಟಿಗೆ ಬೇಳೆ ಬರಲಿ. ಅಡುಗೆ ಪುಟದವರ ಅಪ್ಪಣೆ ಪಡೆದು ಒಂದು ಪಲ್ಯ ನಾನೇ ಹೇಳುತ್ತೇನೆ, ನಾಲ್ಕು ಮಂದಿಗೆ ಆಗುತ್ತದೆ. ಒಂದು ದೊಡ್ಡ ಬಟ್ಟಲು ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿರಿ. ಎರಡು ಚಮಚ ಕುಸುಬಿ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಆರು ಎಸಳು ಬೆಳ್ಳುಳ್ಳಿ, ಹೆಚ್ಚಿದ ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ ಹಾಕಿ ಬಾಡಿಸಿರಿ. ಅರಿಷಿಣ ಹಾಕಿ, ಕಾಳು ಸುರಿದು, ಅರ್ಧ ಬಟ್ಟಲು ನೀರು ಚಿಮುಕಿಸಿ ಮುಚ್ಚಿ ಬೇಯಿಸಿರಿ. ಕಾಳು ಬೆರಳಿಗೆ ಮೆತ್ತಗಾದಾಗ ಅರ್ಧ ಚಹಾ ಚಮಚ ಉಪ್ಪು, ಉಪ್ಪಿಲ್ಲದೆ ಹುರಿದು ಕುಟ್ಟಿದ ಗುರೆಳ್ಳು ಪುಡಿ ಎರಡು ಚಮಚ, ಕೊತ್ತಂಬರಿ ಹಾಕಿ ಕೆಳಗಿಳಿಸಿರಿ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಗುವುದಿಲ್ಲ. ಬಿಸಿ ಜೋಳದ ರೊಟ್ಟಿ, ಜೊತೆಗೆ ಒಂದು ಲೋಟ ಉಪ್ಪು ಹಾಕದ ಮಜ್ಜಿಗೆ.

ಅತ್ತೆಯವರ ಆ ಹಳೆಯ ಆಸ್ಪತ್ರೆ ಕಾಗದ ಸಿಕ್ಕರೆ ಅದರಲ್ಲಿ ಏನು ಬರೆದಿದೆ ಎಂಬುದನ್ನೂ, ಒಂದು ವಾರದ ಇಬ್ಬರ ಬಿ.ಪಿ. ಅಂಕಿಗಳನ್ನೂ ನನಗೆ ಬರೆದು ಕಳಿಸಿರಿ. ಈ ಸಲ ಬಿ.ಪಿ.ಯನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ.